ಹದಿನಾಲ್ಕು ನಿಮಿಷ

ಪುಣೆ
9 ಜೂನ್ 1991

ಪ್ರಿಯ ವರದ,

ಕವರಿನ ಮೇಲೆ ನನ್ನ ಹೆಸರು ನೋಡಿ ಕನ್ನಡಕ ಒರೆಸಿಕೊಂಡಿರುತ್ತೀಯ. ಹೌದು, ನಾನೇ, ಮಂಚೇನಹಳ್ಳಿ ಮುನಿಗಂಗಪ್ಪ. ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮದುವೆಗೆ ಕರೆಯಲಿಲ್ಲ ಅನ್ನುವ ಜಗಳವನ್ನು ಎದುರಿಗೆ ಸಿಕ್ಕಾಗ ಆಡುತ್ತೇನೆ. ಈಗ ನಿನ್ನಿಂದ ಒಂದು ಕೆಲಸ ಆಗಬೇಕು.

ನೀನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಂತೆ, ನಿನ್ನ ಕೈಕೆಳಗಿನ ಹುಡುಗಿಯರು ಜಿಲ್ಲಾ ಓಟದಲ್ಲಿ ಕೋಲಾರದವರಿಗೇ ನೀರು ಕುಡಿಸಿದರಂತೆ. ನನ್ನ ತಂಗಿ ಲಕ್ಷ್ಮಿದೇವಮ್ಮ ಬರೆಸಿದ್ದಳು. ಅವಳನ್ನು ತೊಂಡೇಬಾವಿಗೆ ಕೊಟ್ಟಿದ್ದೇವೆ, ಅಪ್ಪನೂ ಅಲ್ಲೇ ಇದ್ದಾನೆ.

ನಾನಿಲ್ಲಿ ಪಲ್ಟನ್ನಿನಲ್ಲಿ ಹವಾಲ್ದಾರ್. ಎರಡು ವರ್ಷದಿಂದ ಟ್ರಯಥ್ಲಾನ್ ಅನ್ನುವ ಹುಚ್ಚು ಹತ್ತಿದೆ. ಹೆಸರಿಗೆ ಹೆದರಬೇಡ, ಮೂರು ಪಂದ್ಯವನ್ನು ಒಂದೇ ಉಸಿರಿಗೆ ಮುಗಿಸುವುದು, ಅಷ್ಟೇ. ಮೊದಲು ಸಮುದ್ರದಲ್ಲಿ ಎರಡು ಕಿಲೋಮೀಟರ್ ಈಜು, ಎದ್ದು ಬಂದು ಒದ್ದೆ ಮೈಯಲ್ಲೇ ತೊಂಬತ್ತು ಕಿಲೋಮೀಟರ್ ಸೈಕಲ್ಲು, ಇಳಿದು ಇಪ್ಪತ್ತೊಂದು ಕಿಲೋಮೀಟರ್ ಓಟ. ನಡುವೆ ನಿಲ್ಲುವ ಹಾಗಿಲ್ಲ. ಬರುವ ಫೆಬ್ರವರಿಯಲ್ಲಿ ವಿಶಾಖಪಟ್ಟಣದಲ್ಲಿ ಆಯ್ಕೆಯ ಪಂದ್ಯ. ಮೊದಲ ನಾಲ್ಕು ಜನ ಜಪಾನಿಗೆ ಹೋಗುತ್ತಾರೆ. ಈ ವರ್ಷ ನಾನು ಏಳನೆಯವನು.

ನನ್ನ ಲೆಕ್ಕ ಇದು. ಈಜು ಐವತ್ತೆಂಟು ನಿಮಿಷ. ಸೈಕಲ್ಲು ಎರಡು ಗಂಟೆ ಐವತ್ತು. ಓಟ ಒಂದು ಗಂಟೆ ಐವತ್ತೆರಡು. ಬರೀ ಓಡು ಅಂದರೆ ಇದೇ ದೂರವನ್ನು ಒಂದು ಗಂಟೆ ಇಪ್ಪತ್ತರಲ್ಲಿ ಓಡುತ್ತೇನೆ, ಅದು ನಿನಗೆ ಗೊತ್ತು. ಸೈಕಲ್ಲಿನಿಂದ ಇಳಿದ ಮೇಲೆ ಕಾಲು ನನ್ನದಲ್ಲ. ನೀರಿನಿಂದ ಎದ್ದಾಗಲೇ ಮೀನಖಂಡ ಕಲ್ಲಾಗಿರುತ್ತದೆ. ಓಟವನ್ನು ಒಂದು ಮೂವತ್ತೆಂಟಕ್ಕೆ ಇಳಿಸಿದರೆ ನಾಲ್ಕನೆಯವನು ನಾನೇ. ಹದಿನಾಲ್ಕು ನಿಮಿಷ, ವರದ. ಹದಿನಾಲ್ಕು ನಿಮಿಷ ಎಲ್ಲಿಂದ ತರಲಿ ಹೇಳು.

ನನಗೆ ಮೂವತ್ತಮೂರು. ಆಮೇಲೆ ಯಾರೂ ಕರೆಯುವುದಿಲ್ಲ. ಇಲ್ಲಿ ಕೋಚುಗಳಿದ್ದಾರೆ, ಆದರೆ ನನ್ನ ಓಟ ನೋಡಿದವನು ನೀನು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿದ್ದಾಗ ನಂದಿ ರಸ್ತೆಯಲ್ಲಿ ನನ್ನ ಹಿಂದೆ ಸೈಕಲ್ಲಿನಲ್ಲಿ ಬಂದು "ಹೆಗಲು ಇಳಿಸೋ" ಅಂತ ಬೈಯುತ್ತಿದ್ದೆಯಲ್ಲ, ಆ ದನಿ ಈಗಲೂ ಕೇಳುತ್ತದೆ. ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ
ಮುನಿಗಂಗಪ್ಪ


ಶಿಡ್ಲಘಟ್ಟ
21 ಜೂನ್ 1991

ಪ್ರಿಯ ಗಂಗ,

ಕನ್ನಡಕ ಒರೆಸಿಕೊಂಡದ್ದು ನಿಜ. ಆಮೇಲೆ ಕಣ್ಣನ್ನೂ ಒರೆಸಿಕೊಂಡೆ. ಅದನ್ನು ನೋಡಿ ನನ್ನ ಹೆಂಡತಿ ಪಂಕಜ "ಯಾರು ಹೋದ್ರು?" ಅಂತ ಗಾಬರಿಯಾದಳು. ಯಾರೂ ಹೋಗಿಲ್ಲ ಕಣೇ, ಒಬ್ಬ ಬಂದಿದ್ದಾನೆ ಅಂದೆ. ಮದುವೆಗೆ ನಿನ್ನನ್ನು ಕರೆಯಲಿಲ್ಲ, ಹೌದು. ಅಪ್ಪ ಇದ್ದರು, ಚಿಕ್ಕಪ್ಪ ಇದ್ದರು, ನಾನು ಪುಕ್ಕಲ. ಅದನ್ನು ನೀನು ಎದುರಿಗೇ ಆಡು, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ನಿನ್ನ ಪತ್ರವನ್ನು ಹತ್ತು ಸಲವಾದರೂ ಓದಿ ತಲೆ ಕೆಡಿಸಿಕೊಂಡೆ. ಪುಸ್ತಕದಲ್ಲಿ ಇಲ್ಲದ ಆಟವಾದ್ದರಿಂದ ನನ್ನ ಮೈಮೇಲೇ ಪ್ರಯೋಗ ಮಾಡಿದೆ. ಭಾನುವಾರ ಬೆಳಿಗ್ಗೆ ಚಿಂತಾಮಣಿಗೆ ಸೈಕಲ್ ತುಳಿದು ಹಾಗೇ ವಾಪಸು ಬಂದು, ಸೈಕಲ್ಲನ್ನು ರೇಷ್ಮೆಗೂಡಿನ ಮಾರುಕಟ್ಟೆಯ ಗೋಡೆಗೆ ಒರಗಿಸಿ ಓಡಲು ಶುರು ಮಾಡಿದೆ. ಕಾಲು ಎಳೆದುಕೊಂಡು ಹೋಗುವ ರೀತಿ ನೋಡಿ ಗೂಡು ತಂದಿದ್ದ ರೈತರು ದಾರಿ ಬಿಟ್ಟರು. ಯಾರೋ "ಮೇಷ್ಟ್ರಿಗೆ ಲಕ್ವ ಹೊಡೀತು" ಅಂದರಂತೆ. ಮೂರು ಫರ್ಲಾಂಗಿಗೆ ಕೂತೆ. ಆದರೆ ನಿನ್ನ ಕಾಲಿಗೆ ಏನಾಗುತ್ತದೆ ಅನ್ನುವುದು ತಿಳಿಯಿತು.

ಆದ್ದರಿಂದ ಕೇಳು. ವಾರಕ್ಕೆ ಎರಡು ದಿನ ಸೈಕಲ್ಲಿಳಿದ ತಕ್ಷಣ ಓಡು, ನೀರು ಕುಡಿಯಲಿಕ್ಕೂ ನಿಲ್ಲಬೇಡ. ನಾಲ್ಕು ಕಿಲೋಮೀಟರಿನಿಂದ ಶುರು ಮಾಡಿ ತಿಂಗಳಿಗೆ ಹತ್ತಕ್ಕೆ ಏರಿಸು. ಸೈಕಲ್ಲಿನ ಕೊನೆಯ ಮೂರು ಕಿಲೋಮೀಟರನ್ನು ಹಗುರದ ಗೇರಿನಲ್ಲಿ ತುಳಿ, ಗಂಡಸುತನ ತೋರಿಸಬೇಡ. ಓಟದ ಮೊದಲ ಎರಡು ಕಿಲೋಮೀಟರು ನಿನಗೆ ನಾಚಿಕೆಯಾಗುವಷ್ಟು ನಿಧಾನ. ಹೆಜ್ಜೆ ಚಿಕ್ಕದು, ಚುರುಕು. ಬಲಗಾಲು ನಿಮಿಷಕ್ಕೆ ತೊಂಬತ್ತು ಸಲ ನೆಲ ಮುಟ್ಟಬೇಕು, ಎಣಿಸು. ಬೆಲ್ಲ, ಉಪ್ಪು, ನಿಂಬೆಹಣ್ಣಿನ ಪಾನಕವನ್ನು ಸೈಕಲ್ಲಿನ ಮೇಲೇ ಮುಗಿಸು.

ಬೂಟು ಯಾವುದು? ಸೀಟಿನ ಎತ್ತರ ಎಷ್ಟು? ಬೆಳಿಗ್ಗೆ ಏನು ತಿನ್ನುತ್ತೀಯ? ಎಲ್ಲಕ್ಕೂ ಉತ್ತರ ಬರೆ. ಹದಿನಾಲ್ಕು ನಿಮಿಷ ಎಲ್ಲಿದೆಯೋ ಹುಡುಕೋಣ. ಹೆಗಲು ಇಳಿಸೋ.

ನಿನ್ನ
ವರದರಾಜ


ಪುಣೆ
14 ಆಗಸ್ಟ್ 1991

ಪ್ರಿಯ ವರದ,

ನಿನ್ನ ಪಾನಕಕ್ಕೆ ಇಲ್ಲಿನವರು "ಹವಾಲ್ದಾರ್ ಕಾ ಶರಬತ್" ಅಂತ ಹೆಸರಿಟ್ಟಿದ್ದಾರೆ. ಕುಡಿದು ನಕ್ಕವರೇ ಈಗ ಕೇಳಿ ಇಸಿದುಕೊಳ್ಳುತ್ತಾರೆ. ಹೋದ ತಿಂಗಳು ಪೂರ್ತಿ ದೂರದ ಅಭ್ಯಾಸ ಮಾಡಿಸಿದರು. ಓಟ ಒಂದು ಗಂಟೆ ನಲವತ್ತೇಳು. ಐದು ನಿಮಿಷ ಸಿಕ್ಕಿತು. ಮಾರನೆಯ ವಾರವೂ ನಲವತ್ತೇಳು, ಅದರ ಮಾರನೆಯ ವಾರವೂ ನಲವತ್ತೇಳು. ಅಲ್ಲಿಂದ ಕೆಳಗೆ ಇಳಿಯಲೊಲ್ಲದು.

ವಿಚಿತ್ರ ಏನೆಂದರೆ, ಸೈಕಲ್ ತುಳಿದು ಓಡಿದರೆ ಕಾಲು ಚೆನ್ನಾಗಿಯೇ ಬರುತ್ತದೆ. ಮೂರೂ ಸೇರಿದ ದಿನ ಮಾತ್ರ ಹದಿಮೂರನೇ ಕಿಲೋಮೀಟರಿಗೆ ಮುಗಿದುಹೋಗುತ್ತೇನೆ. ನಮ್ಮ ಈಜಿನ ಉಸ್ತಾದ್ ಕೇರಳದವನು. ನಾನು ನೀರಿನಲ್ಲಿ ಕತ್ತು ಎತ್ತಿಕೊಂಡು ಕಾಲು ಬಡಿಯುವುದನ್ನು ನೋಡಿ ಅವನಿಗೆ ನಗು. "ನೀನು ನೀರಲ್ಲೂ ಸೈಕಲ್ ತುಳೀತೀಯ" ಅನ್ನುತ್ತಾನೆ. ಅನ್ನಲಿ ಬಿಡು.

ಇನ್ನು ಒಂಬತ್ತು ನಿಮಿಷ ಬೇಕು. ಬೇರೆ ಎಲ್ಲಾದರೂ ತಪ್ಪು ಕಂಡರೆ ಮುಲಾಜಿಲ್ಲದೆ ಹೇಳು. ನೀನು ಹೇಳಿದ್ದನ್ನು ಬಿಟ್ಟು ಬೇರೆ ಏನೂ ಮಾಡುತ್ತಿಲ್ಲ ನಾನು.

ನಿನ್ನ
ಮುನಿಗಂಗಪ್ಪ


(ಬರೆದು, ಕವರಿಗೆ ಹಾಕಿ, ಅಂಚೆಗೆ ಹಾಕದೆ ಉಳಿದದ್ದು)

ಶಿಡ್ಲಘಟ್ಟ
25 ಆಗಸ್ಟ್ 1991

ಗಂಗ,

ತಪ್ಪು ಎಲ್ಲಿದೆ ಅಂತ ನನಗೆ ಜೂನ್ ತಿಂಗಳಲ್ಲೇ ಗೊತ್ತಿತ್ತು. ನಿನ್ನ ಮೊದಲ ಪತ್ರದ ಆ ಮೂರು ಅಂಕಿ ನೋಡಿದರೆ ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯರೂ ಹೇಳುತ್ತಾರೆ. ಈಜಿಗೆ ಐವತ್ತೆಂಟು ನಿಮಿಷ! ಕತ್ತು ಮೇಲೆತ್ತಿದರೆ ಸೊಂಟದಿಂದ ಕೆಳಗೆ ಮುಳುಗುತ್ತದೆ. ಮುಳುಗಿದ್ದನ್ನು ತೇಲಿಸಲು ಒಂದು ಗಂಟೆ ಕಾಲು ಬಡಿಯುತ್ತೀಯ. ಕಾಲಿನ ಶಕ್ತಿ ಅರ್ಧ ಅಲ್ಲೇ ಹೋಯಿತು. ಹಿಂದೆ ಬಿದ್ದೆನಲ್ಲ ಅನ್ನುವ ಆತುರಕ್ಕೆ ಸೈಕಲ್ಲಿನ ಮೇಲೆ ಮಿಕ್ಕದ್ದೂ ಹೋಯಿತು. ಓಡುವುದಕ್ಕೆ ಇನ್ನು ಏನಿದೆ? ನಿನ್ನ ಹದಿನಾಲ್ಕು ನಿಮಿಷ ರಸ್ತೆಯ ಮೇಲಿಲ್ಲ, ನೀರಿನಲ್ಲಿದೆ. ಮುಖ ನೀರಿನೊಳಗೆ ಇಟ್ಟು ಈಜುವುದನ್ನು ಕಲಿ, ಓಟ ತಾನಾಗಿ ಬರುತ್ತದೆ. ಇಷ್ಟು ಬರೆಯಲು ಎರಡು ತಿಂಗಳಿಂದ ನನ್ನ ಕೈ ಬರುತ್ತಿಲ್ಲ.

ಯಾಕೆ ಅಂತ ನಿನಗೂ ಗೊತ್ತು. ಈಜು ಅಂತ ಬರೆದರೆ ನಮ್ಮ ತೋಟದ ಬಾವಿ ಅಂತ ಬರೆಯಬೇಕಾಗುತ್ತದೆ. ಆರನೇ ಕ್ಲಾಸು ಮುಗಿದ ಬೇಸಿಗೆ ರಜೆ. ಮಧ್ಯಾಹ್ನ ಮನೆಯವರೆಲ್ಲ ಮಲಗಿರುತ್ತಾರೆ ಬಾರೋ ಅಂತ ಕರೆದವನು ನಾನು. ನೀನು ಬೇಡ ಅಂದೆ. ಬಲವಂತ ಮಾಡಿ, ನಿನ್ನ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಇಳಿಸಿದೆ. ಎರಡು ದಿನಕ್ಕೆ ತೇಲಿದೆ. ಮೂರನೆಯ ದಿನ ಬುರುಡೆ ಬಿಚ್ಚಿ, ತಲೆ ಪೂರ್ತಿ ನೀರೊಳಗೆ ಹಾಕು, ನಾನು ಐವತ್ತು ಎಣಿಸುತ್ತೇನೆ ಅಂದೆ. ನಾನು ಇಪ್ಪತ್ತು ಎಣಿಸಿದ್ದೆ. ಮೇಲೆ ಚಿಕ್ಕಪ್ಪ ಬಂದು ನಿಂತಿದ್ದರು. ಅವರು ಕಲ್ಲು ಎತ್ತಿಕೊಂಡದ್ದನ್ನು ನಾನು ನೋಡಿದೆ. ಕೂಗಬಹುದಿತ್ತು, ಕೈ ನೀಡಿದರೆ ನಿನ್ನ ಜುಟ್ಟು ಸಿಗುವಷ್ಟು ಹತ್ತಿರ ಇದ್ದೆ. ಕೂಗಲಿಲ್ಲ ಗಂಗ. ಮೆಟ್ಟಿಲು ಹತ್ತಿ ಮೇಲೆ ಹೋಗಿ, "ನಾನು ಬೇಡ ಅಂದೆ ಚಿಕ್ಕಪ್ಪ, ಅವನೇ ಇಳಿದ" ಅಂದೆ. ನೀನು ತಲೆ ಎತ್ತಿದಾಗ ಮೊದಲ ಕಲ್ಲು ಬಿತ್ತು.

ಆಮೇಲಿನದು ಊರಿಗೇ ಗೊತ್ತು. ಮೈಲಿಗೆಯಾಯಿತು ಅಂತ ಬಾವಿಯ ನೀರೆಲ್ಲ ನಿಮ್ಮಪ್ಪನ ಕೈಲಿ ಎರಡು ದಿನ ಎತ್ತಿಸಿದರು. ಪಂಪ್‌ಸೆಟ್ ಇತ್ತು. ಅದನ್ನು ಹಾಕಬೇಡಿ ಅಂದವರು ನಮ್ಮಪ್ಪ, ಸ್ಕೂಲು ಮೇಷ್ಟ್ರು ಪುಟ್ಟಸ್ವಾಮಯ್ಯನವರು. ಮುಟ್ಟಬಾರದು ಅಂದ ನೀರನ್ನು ಮುಟ್ಟಬಾರದವನ ಕೈಲೇ ಎತ್ತಿಸುತ್ತಿದ್ದೇವಲ್ಲ ಅಂತ ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನಿನ್ನನ್ನು ಗೌರಿಬಿದನೂರಿನ ಹಾಸ್ಟೆಲ್ಲಿಗೆ ಸೇರಿಸಿದರು. ಮುಂದೆ ಕಾಲೇಜಿನಲ್ಲಿ ಜೊತೆಗೆ ಓಡಿದೆವು, ಒಂದೇ ತಟ್ಟೆಯಲ್ಲಿ ತಿಂದೆವು. ಆ ಮಾತನ್ನು ಮಾತ್ರ ನೀನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇವತ್ತು ಪಂಕಜ ನಿನ್ನ ಪತ್ರ ಓದಿ, "ಈಜಿನ ಬಗ್ಗೆ ನೀವು ಒಂದಕ್ಷರ ಬರೀಲಿಲ್ವಲ್ಲ, ಅದೂ ಪಂದ್ಯಾನೇ ಅಲ್ವಾ?" ಅಂದಳು. ನಿನಗೇನು ಗೊತ್ತು ಅಂತ ಅವಳ ಮೇಲೆ ರೇಗಿದೆ. ಅನ್ನ ಬಡಿಸಿಟ್ಟು ಒಳಗೆ ಹೋದಳು. ಈಗ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಡಬ್ಬಕ್ಕೆ ಹಾಕುತ್ತೇನೆ.

ವರದ


ಶಿಡ್ಲಘಟ್ಟ
26 ಆಗಸ್ಟ್ 1991

ಪ್ರಿಯ ಗಂಗ,

ಐದು ನಿಮಿಷ ಸಿಕ್ಕಿದ್ದು ದೊಡ್ಡ ಮಾತು. ಮಿಕ್ಕದ್ದಕ್ಕೆ ಓಟವನ್ನೇ ಇನ್ನಷ್ಟು ಬಲ ಮಾಡೋಣ. ವಾರಕ್ಕೆ ಮೂರು ದಿನ ಏರು ರಸ್ತೆಯಲ್ಲಿ ಒಂದೊಂದು ಕಿಲೋಮೀಟರಿನಂತೆ ಎಂಟು ಸಲ, ಪೂರ್ತಿ ವೇಗ. ನಡುವೆ ಎರಡು ನಿಮಿಷ ಬಿಡುವು. ಭಾನುವಾರ ಮೂವತ್ತು ಕಿಲೋಮೀಟರು. ಕಷ್ಟವಾಗುತ್ತದೆ, ಆದರೆ ನಿನ್ನ ಕಾಲಿನ ಮೇಲೆ ನನಗೆ ನಂಬಿಕೆ ಇದೆ.

ಬೇರೆ ಯಾವ ತಪ್ಪೂ ನನಗೆ ಕಾಣಲಿಲ್ಲ.

ನಿನ್ನ
ವರದರಾಜ


ಪುಣೆ
1 ಡಿಸೆಂಬರ್ 1991

ಪ್ರಿಯ ವರದ,

ಒಂದು ಗಂಟೆ ನಲವತ್ತಮೂರು! ನಿನ್ನ ಏರು ರಸ್ತೆ ನನ್ನ ಪ್ರಾಣ ತೆಗೆಯಿತು, ಆದರೆ ನಾಲ್ಕು ನಿಮಿಷ ಕೊಟ್ಟಿತು. ಇನ್ನು ಐದೇ.

ಬಲಗಾಲಿನ ಮುಂದಿನ ಮೂಳೆಯ ನೋವಿನ ಬಗ್ಗೆ ಹೋದ ತಿಂಗಳು ಬರೆದಿದ್ದೆನಲ್ಲ, ನೀನು ಹೇಳಿದಂತೆ ಒಂದು ವಾರ ಓಡದೆ ಬಿಟ್ಟೆ. ಕಡಿಮೆಯಾಯಿತು. ಮತ್ತೆ ಶುರು ಮಾಡಿದ ನಾಲ್ಕನೇ ದಿನಕ್ಕೆ ಅದೇ ಜಾಗ. ಹೆಬ್ಬೆರಳಿನಲ್ಲಿ ಒತ್ತಿದರೆ ನಾಲ್ಕಾಣೆಯಷ್ಟು ಅಗಲದಲ್ಲಿ ಜೀವ ಹೋದಂತಾಗುತ್ತದೆ, ಅದರ ಆಚೀಚೆ ಏನೂ ಇಲ್ಲ. ಡಾಕ್ಟರಿಗೆ ತೋರಿಸಿದರೆ ಆರು ವಾರ ಮಲಗಿಸುತ್ತಾನೆ, ಪಂದ್ಯ ಕೈ ಬಿಡುತ್ತದೆ. ಪಟ್ಟಿ ಸುತ್ತಿಕೊಂಡು ಓಡುತ್ತಿದ್ದೇನೆ.

ಅಪ್ಪನಿಗೆ ಜಪಾನಿನ ವಿಷಯ ಬರೆದಿದ್ದೆ. ಅಲ್ಲಿಗೆ ರೈಲು ಹೋಗತದಾ ಅಂತ ಲಕ್ಷ್ಮಿದೇವಮ್ಮನ ಕೈಲಿ ಕೇಳಿಸಿದ್ದಾನೆ.

ನಿನ್ನ
ಮುನಿಗಂಗಪ್ಪ


ಶಿಡ್ಲಘಟ್ಟ
12 ಡಿಸೆಂಬರ್ 1991

ಗಂಗ,

ಒಂದೇ ಜಾಗದಲ್ಲಿ ನೋವು ಅಂದರೆ ಮೂಳೆ ಬಿರುಕು ಬಿಡುತ್ತಿದೆ ಅಂತ ಅರ್ಥ. ಓಡಬೇಡ, ಈ ಪತ್ರ ಸಿಕ್ಕ ದಿನವೇ ನಿಲ್ಲಿಸು. ಡಾಕ್ಟರಿಗೆ ತೋರಿಸು. ಏರು ರಸ್ತೆ ಬೇಡ, ಮೂವತ್ತು ಕಿಲೋಮೀಟರೂ ಬೇಡ. ಅಷ್ಟೊಂದು ಹೇರಿದ್ದು ನನ್ನ ತಪ್ಪು. ನಿನಗೆ ಕೈಮುಗಿಯುತ್ತೇನೆ.

ಓಟವನ್ನು ಬಿಟ್ಟು ಬೇರೆ ಕಡೆಯೂ ನಿಮಿಷ ಸಿಗಬಹುದು. ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ.

ವರದ


ಮಿಲಿಟರಿ ಆಸ್ಪತ್ರೆ, ವಿಶಾಖಪಟ್ಟಣ
20 ಫೆಬ್ರವರಿ 1992

ಪ್ರಿಯ ವರದ,

ವಿವರವಾಗಿ ಬರೆಯುತ್ತೇನೆ ಅಂದವನು ಬರೆಯಲಿಲ್ಲ. ಶಾಲೆಯ ವಾರ್ಷಿಕೋತ್ಸವ, ಪರೀಕ್ಷೆ, ನೂರು ಕೆಲಸ ಇರುತ್ತದೆ, ಗೊತ್ತು. ನಾನೂ ನಿನ್ನ ಮಾತು ಕೇಳಲಿಲ್ಲ. ಎರಡು ವಾರ ನಿಲ್ಲಿಸಿದೆ, ಆಮೇಲೆ ತಡೆಯಲಾಗಲಿಲ್ಲ.

ಹದಿನಾರನೇ ತಾರೀಕು ಪಂದ್ಯ. ನೀರಿನಿಂದ ಎದ್ದವರಲ್ಲಿ ನಾನು ಕೊನೆಯಿಂದ ಮೂರನೆಯವನು. ಸೈಕಲ್ಲಿನ ಮೇಲೆ ಎಂಟು ಜನರನ್ನು ಹಿಂದೆ ಹಾಕಿದೆ. ಓಟ ಶುರುವಾದಾಗ ಆರನೆಯವನಾಗಿದ್ದೆ. ಮೊದಲ ಎರಡು ಕಿಲೋಮೀಟರು ನಿಧಾನ, ಬಲಗಾಲು ತೊಂಬತ್ತು, ಹೆಗಲು ಕೆಳಗೆ. ಒಂಬತ್ತನೇ ಕಿಲೋಮೀಟರಿಗೆ ಐದನೆಯವನಾದೆ. ನಾಲ್ಕನೆಯವನ ಬೆನ್ನು ಕಾಣುತ್ತಿತ್ತು, ಕೆಂಪು ಬನಿಯನ್ನು. ಹದಿನಾಲ್ಕನೆಯ ಕಲ್ಲು ದಾಟಿದ ಮೇಲೆ ಕಾಲೊಳಗೆ ಒಣಗಿದ ಸೌದೆ ಮುರಿದ ಹಾಗೆ ಸದ್ದಾಯಿತು. ಅದು ಹೊರಗೂ ಕೇಳಿಸಿತು ಅಂತ ಪಕ್ಕದಲ್ಲಿ ಓಡುತ್ತಿದ್ದವನು ಆಮೇಲೆ ಹೇಳಿದ. ಬಿದ್ದೆ, ಮತ್ತೆ ಎದ್ದೆ. ಎದ್ದು ಮೂರು ಹೆಜ್ಜೆ ಇಟ್ಟೆ, ಅಷ್ಟೇ.

ರಾಡು ಹಾಕಿದ್ದಾರೆ. ನಡೆಯುತ್ತೇನಂತೆ. ಓಡುವುದನ್ನು ಮರೆತುಬಿಡು ಅಂದರು. ವಾರ್ಡಿನಲ್ಲಿ ಎಲ್ಲರೂ ಇದ್ದಾರೆ ಅಂತ ಮುಖದ ಮೇಲೆ ಟವೆಲ್ ಹಾಕಿಕೊಂಡು ಅತ್ತೆ.

ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ನೀನು ಕೊಟ್ಟ ಒಂಬತ್ತು ನಿಮಿಷ ನನ್ನದೇ. ಅಪ್ಪನಿಗೆ ಏನು ಬರೆಸುವುದು ಅಂತ ತಿಳಿಯುತ್ತಿಲ್ಲ.

ನಿನ್ನ
ಮುನಿಗಂಗಪ್ಪ


ಶಿಡ್ಲಘಟ್ಟ
4 ಮಾರ್ಚ್ 1992

ಗಂಗ,

ಇದರ ಜೊತೆಗೆ ಇನ್ನೊಂದು ಪತ್ರ ಇಟ್ಟಿದ್ದೇನೆ. ಹೋದ ಆಗಸ್ಟಿನದು. ತಾರೀಕು ನೋಡು. ಬರೆದದ್ದು ಆ ದಿನವೇ. ಮಾರನೆಯ ಬೆಳಿಗ್ಗೆ ಅಂಚೆ ಡಬ್ಬದವರೆಗೂ ಹೋಗಿ, ಕೈ ಒಳಗೆ ಹಾಕಿ, ಮತ್ತೆ ಈಚೆಗೆ ತೆಗೆದೆ. ಅವತ್ತು ಸ್ಕೂಲಿನಲ್ಲಿ ಕೂತು ನಿನಗೆ ಏರು ರಸ್ತೆಯ ಪತ್ರ ಬರೆದೆ. ಆರು ತಿಂಗಳಿಂದ ಇದು ಹಾಜರಿ ಪುಸ್ತಕಗಳ ಬೀರುವಿನಲ್ಲಿತ್ತು. ಡಿಸೆಂಬರಿನಲ್ಲಿ ಮತ್ತೆ ತೆಗೆದೆ, ಮತ್ತೆ ಇಟ್ಟೆ. ವಾರ್ಷಿಕೋತ್ಸವವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ.

ನಾನು ತಿಳಿಯದೆ ತಪ್ಪು ಹೇಳಿಕೊಟ್ಟ ಮೇಷ್ಟ್ರಲ್ಲ, ತಿಳಿದೇ ತಪ್ಪು ಹೇಳಿಕೊಟ್ಟೆ. ನನ್ನ ಮುಖ ಉಳಿಸಿಕೊಳ್ಳಲು ನಿನ್ನ ಕಾಲಿನ ಮೇಲೆ ಭಾರ ಹೇರಿದೆ. ಬಾವಿಯ ವಿಷಯಕ್ಕೆ ಹುಡುಗುಬುದ್ಧಿ ಅಂತ ಹೇಳಿಕೊಳ್ಳಬಹುದು. ಇದನ್ನು ಮಾಡಿದಾಗ ನನಗೆ ಮೂವತ್ತಮೂರು ವರ್ಷ.

ಕ್ಷಮಿಸು ಅಂತ ಬರೆಯಲು ನಾಚಿಕೆಯಾಗುತ್ತದೆ. ಬೈದಾದರೂ ಬರೆ. ಬರೆಯದೆ ಮಾತ್ರ ಇರಬೇಡ.

ವರದ


ಪುಣೆ
17 ಮೇ 1992

ವರದರಾಜ,

ನಿನ್ನ ಕವರು ಬಂದು ಎರಡು ತಿಂಗಳ ಮೇಲಾಯಿತು. ಊರುಗೋಲು ಬಿಟ್ಟಿದ್ದೇನೆ. ಸ್ಟೋರಿನಲ್ಲಿ ಕೂರುವ ಕೆಲಸ ಕೊಟ್ಟಿದ್ದಾರೆ.

ಈಜು ಸರಿಯಿಲ್ಲ ಅಂತ ಉಸ್ತಾದ್ ನನಗೆ ಜುಲೈನಲ್ಲೇ ಹೇಳಿದ್ದ. ಮುಖ ಒಳಗೆ ಹಾಕು, ನಿನ್ನ ಓಟ ಇಲ್ಲೇ ಕಳೆದುಹೋಗುತ್ತಿದೆ ಅಂತ ನೀನು ಬರೆದದ್ದನ್ನೇ ಅವನು ಹಿಂದಿಯಲ್ಲಿ ಹೇಳಿದ್ದ. ನಾನು ನಂಬಲಿಲ್ಲ. ವರದ ಹೇಳಲಿಲ್ಲವಲ್ಲ, ಹಾಗಾದರೆ ಅದಲ್ಲ ಅಂದುಕೊಂಡೆ. ನಿನ್ನ ಉತ್ತರ ಬರಲಿ, ಅವನಿಗೆ ತೋರಿಸೋಣ ಅಂತ ಕಾಯುತ್ತಿದ್ದೆ. "ಬೇರೆ ಯಾವ ತಪ್ಪೂ ಕಾಣಲಿಲ್ಲ" ಅನ್ನುವ ಸಾಲನ್ನು ಅವನಿಗೆ ಓದಿ ಹೇಳಿದವನು ನಾನೇ.

ಕಾಲಿನದು ಆಯಿತು, ಬಿಡು. ಬಾವಿಯದನ್ನು ಹೇಳುತ್ತೇನೆ. ನೀನು ಚಿಕ್ಕಪ್ಪನಿಗೆ ಏನು ಹೇಳಿದೆ ಅಂತ ನಿನ್ನ ಕವರು ಬರುವವರೆಗೂ ನನಗೆ ಗೊತ್ತಿರಲಿಲ್ಲ. ನನ್ನ ತಲೆ ನೀರೊಳಗಿತ್ತು. ನೀನು ಕೂಗಿದ್ದೀಯ, ನನಗೆ ಕೇಳಿಸಲಿಲ್ಲ ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಇನ್ನೊಂದು ಸಲ ಯಾರಾದರೂ ಕೂಗಿದರೆ ಕೇಳಿಸಬೇಕು ಅಂತಲೇ ನಾನು ಕತ್ತು ಎತ್ತಿ ಈಜುವುದು. ಉಸ್ತಾದ್ ಎಷ್ಟು ಸಲ ತಲೆ ಅದುಮಿದರೂ ಆಗುತ್ತಿರಲಿಲ್ಲ.

ಬೈಯಲು ಕೂತೆ, ಬೈಗುಳ ಬರಲಿಲ್ಲ. ಕ್ಷಮಿಸುತ್ತೇನೆ ಅಂತಲೂ ಬರೆಯಲಾರೆ. ಬಾವಿಯ ನೀರು ಎತ್ತಿದವನು ನಾನಲ್ಲ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿದ್ದರು, ನೋಡುತ್ತಿದ್ದೆ. ನೀನು ಅಂಚೆಗೆ ಹಾಕದೆ ಇಟ್ಟಿದ್ದ ಆಗಸ್ಟಿನ ಪತ್ರವನ್ನು ವಾಪಸು ಕಳಿಸುತ್ತಿದ್ದೇನೆ. ತೊಂಡೇಬಾವಿಗೆ ಹೋಗು. ಅಪ್ಪನಿಗೆ ಓದು ಬರದು, ನೀನೇ ಓದಿ ಹೇಳು. ಒಂದು ಸಾಲೂ ಬಿಡಬೇಡ. ಹೋಗಿ ಬಂದರೆ ನನಗೆ ಬರೆ. ಹೋಗದಿದ್ದರೆ ಬರೆಯುವುದು ಬೇಡ.

ಮುನಿಗಂಗಪ್ಪ


ಶಿಡ್ಲಘಟ್ಟ
28 ಜೂನ್ 1992

ಗಂಗ,

ಹೋಗಿ ಬಂದೆ. ಹೋಗಿದ್ದು ಹದಿನಾಲ್ಕನೇ ತಾರೀಕು ಭಾನುವಾರ. ಬರೆಯಲು ಎರಡು ವಾರ ಹಿಡಿಯಿತು.

ಮಂಚೇನಹಳ್ಳಿಯಲ್ಲಿ ಬಸ್ಸು ಬದಲಿಸಿದೆ. ಅರ್ಧ ಗಂಟೆ ಇತ್ತು, ಆದರೂ ನಮ್ಮ ಮನೆಯ ಕಡೆ ಹೋಗಲಿಲ್ಲ. ತೊಂಡೇಬಾವಿಯಲ್ಲಿ ಸ್ಟೇಷನ್ನಿನ ಹಿಂದೆ ಅಂತ ಕೇಳಿಕೊಂಡು ಮನೆ ಹುಡುಕಿದೆ. ನಿಮ್ಮಪ್ಪ ಚೆನ್ನರಾಯಪ್ಪನವರು ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ಹೆಸರು ಹೇಳುವ ಮುಂಚೆಯೇ ಗುರುತು ಹಿಡಿದು, "ರಾ ಸಾಮಿ, ರಾ. ಪುಟ್ಟಸ್ವಾಮಯ್ಯನೋರ ಮಗ ಅಲ್ವಾ?" ಅಂತ ಕರೆಯುತ್ತ ಎದ್ದು ನಿಂತರು. ನಾನು ಕೂರುವವರೆಗೂ ಕೂರಲಿಲ್ಲ. ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತಿದ್ದಳು. ಕುಡಿಯಲು ಏನು ಕೊಡುವುದು ಅಂತ ಅವಳಿಗೆ ತಿಳಿಯಲಿಲ್ಲ. ನಾನೇ ಕೇಳಿ ನೀರು ಕುಡಿದೆ. ಅದನ್ನೆಲ್ಲ ದೊಡ್ಡದಾಗಿ ಬರೆಯಬೇಡಿ ಅಂತ ಪಂಕಜ ಹೇಳಿದ್ದಳು, ಬರೆದುಬಿಟ್ಟೆ.

ಮೊದಲು ನಿನ್ನ ಕಾಲಿನ ಬಗ್ಗೆ ಕೇಳಿದರು. ನಡೆಯುತ್ತಾನೆ ಅಂದೆ. ನಿಮ್ಮ ಮಗ ಒಂದು ಪತ್ರ ಓದಿ ಹೇಳಲು ಕಳಿಸಿದ್ದಾನೆ, ಪತ್ರ ಬರೆದವನು ಮಾತ್ರ ನಾನು ಅಂದೆ. "ಓದಪ್ಪಾ" ಅಂದರು.

ಒಂದು ಸಾಲೂ ಬಿಡಲಿಲ್ಲ. ಅವರ ಕೈ ಕಡಲೆಕಾಯಿ ಬಿಡಿಸುತ್ತಲೇ ಇತ್ತು. ಎರಡು ದಿನ ನೀರೆತ್ತಿಸಿದರು ಅನ್ನುವ ಕಡೆ ಮಾತ್ರ ನಿಂತಿತು. "ಎರ್ಡಲ್ಲ ಸಾಮಿ, ನಾಕು ದಿನ. ಊಟೆ ನೀರು ಬರ್ತಾನೇ ಇತ್ತು, ರಾತ್ರಿ ಕಳ್ದು ಬೆಳಗಾಗೋದ್ರೊಳ್ಗೆ ಮೊಣಕಾಲುದ್ದ ನಿಲ್ತಿತ್ತು" ಅಂದರು. ನನಗೆ ಎರಡು ದಿನವೇ ನೆನಪಿತ್ತು, ಗಂಗ. ನಾನು ಸುಳ್ಳು ಬರೆದಿರಲಿಲ್ಲ.

ಓದಿ ಮುಗಿಸಿದ ಮೇಲೆ ಒಂದು ಗೂಡ್ಸ್ ರೈಲು ಹೋಯಿತು. ಆಮೇಲೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನೀನು ಹಂಗಂದಿದ್ದು ನಂಗೆ ಆವತ್ತೇ ಗೊತ್ತಾಯ್ತು. ನಿಮ್ ಚಿಕ್ಕಪ್ಪನೋರು ಎಲ್ರೆದುರ್ಗೂ ಹೇಳಿದ್ರು, ನಮ್ ಹುಡ್ಗ ಬೇಡ ಅಂದ್ರೂ ನಿನ್ ಮಗ ಇಳಿದ ಅಂತ. ನಮ್ಮೋನ್ಗೆ ನಾನು ಹೇಳ್ಲಿಲ್ಲ. ಆ ಊರಾಗೆ ಅವನ್ಗೆ ಇದ್ದಿದ್ದು ನೀನೊಬ್ನೇ ಗೆಣೆಕಾರ. ಅದೂ ಇಲ್ದಂಗಾದ್ರೆ ಏನ್ಮಾಡ್ತಾನೆ ಅಂತ."

ನಾನು ಜಗಲಿಯ ಮೇಲೇ ಅತ್ತೆ. ಆ ವಯಸ್ಸಿನವರ ಎದುರಿಗೆ ಅಳುವುದೂ ಒಂದು ಬಗೆಯ ಸವಲತ್ತು ಕೇಳಿದಂತೆ ಅಂತ ಆಗ ಹೊಳೆಯಲಿಲ್ಲ. ಚಿಕ್ಕಪ್ಪನ ಭಯ, ಅಪ್ಪನ ಭಯ, ಏನೂ ತಿಳಿಯುತ್ತಿರಲಿಲ್ಲ ಅಂತೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಆವಾಗ ನಿಂಗೆ ಎಷ್ಟು ವರ್ಷ ಸಾಮಿ?" ಅಂತ ಕೇಳಿದರು.

"ಹನ್ನೆರಡು. ಚಿಕ್ಕ ಹುಡುಗ ನಾನು" ಅಂದೆ.

ಅವರು ಕೈಯಲ್ಲಿದ್ದ ಕಡಲೆಕಾಯಿಯನ್ನು ಬುಟ್ಟಿಗೆ ಹಾಕಿ ನನ್ನ ಮುಖ ನೋಡಿದರು. ಕೋಪ ಇರಲಿಲ್ಲ.

"ನಮ್ಮೋನ್ಗೂ ಹನ್ನೆರಡೇ" ಅಂದರು.

ಸಂಜೆಯ ಬಸ್ಸಿಗೆ ಹೊರಟು ಬಂದೆ.

ವರದರಾಜ